ಗೋಧಿಗೆ ಭಂಡಾರ ರೋಗ: ಈಗ ಮಾಡಬೇಕಾದದ್ದು, ಮುಂದಿನ ಹಿಂಗಾರಿಗೆ ಬದಲಿಸಬೇಕಾದದ್ದು

ಪ್ರಶ್ನೆ: ಬೈಲಹೊಂಗಲ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ಎರೆಭೂಮಿ, ಕೊಳವೆಬಾವಿ ನೀರಾವರಿ. ಗೋವಿನಜೋಳದ ಕಟಾವು ತಡವಾದ್ದರಿಂದ ಗೋಧಿಯನ್ನು ನವೆಂಬರ್ ಕೊನೆಯ ವಾರದಲ್ಲಿ ಬಿತ್ತಿದೆವು. ಬೆಳೆಗೆ ಈಗ ಐವತ್ತು ದಿನ, ತೆನೆ ಇನ್ನೂ ಹೊರಬಿದ್ದಿಲ್ಲ. ಪಕ್ಕದ ಕಬ್ಬಿನ ಹೊಲಕ್ಕೆ ಹತ್ತಿದ ಸಾಲುಗಳಲ್ಲಿ ಕೆಳಗಿನ ಎಲೆಗಳ ಮೇಲೆ ಕಿತ್ತಳೆ ಬಣ್ಣದ ಪುಡಿ ಕಾಣಿಸಿದೆ. ಹೋದ ವರ್ಷ ಹೀಗೇ ಶುರುವಾಗಿ ಕೊನೆಗೆ ಕಾಂಡವೆಲ್ಲ ಕಪ್ಪಾಗಿ ಕಾಳು ಜೊಳ್ಳಾಯಿತು. ಗಂಧಕದ ಪುಡಿ ಎರಚಿ ಎಂದು ಕೆಲವರು, ಕಟಾವಿನ ನಂತರ ಕೂಳೆ ಸುಡಿ ಎಂದು ಕೆಲವರು ಹೇಳುತ್ತಾರೆ. ಅಂಗಡಿಯವರು ಮೂರು ಔಷಧ ಬೆರೆಸಿ ಹೊಡೆಯಲು ಕೊಟ್ಟಿದ್ದಾರೆ. ಬಿತ್ತಿದ್ದು ಮನೆಯ ಬೀಜ. ರೋಗ ಬೀಜದಿಂದ ಬಂತೇ? ಈಗ ಏನು ಮಾಡಬೇಕು?

ಉತ್ತರ: ನಿಮ್ಮ ಕೈಯಲ್ಲಿ ಇನ್ನೂ ಸಮಯವಿದೆ, ಆದರೆ ವಾರಗಟ್ಟಲೆ ಇಲ್ಲ. ಗೋಧಿಯ ಕಾಳು ತುಂಬುವುದು ಬಹುಪಾಲು ತೆನೆಯ ಕೆಳಗಿನ ಕೊನೆಯ ಎಲೆಯ ದುಡಿಮೆಯಿಂದ, ಅದರ ಕೆಳಗಿನ ಎಲೆಯೂ ಸ್ವಲ್ಪ ನೆರವಾಗುತ್ತದೆ. ಆ ಕೊನೆಯ ಎಲೆ ನಿಮ್ಮ ಬೆಳೆಯಲ್ಲಿ ಈಗಷ್ಟೇ ಬಿಚ್ಚಿಕೊಂಡಿರಬೇಕು. ರೋಗ ಇನ್ನೂ ಕೆಳಗಿನ ಎಲೆಗಳಲ್ಲೇ ಇದೆ ಎಂದಿದ್ದೀರಿ. ಅದು ಮೇಲೇರುವ ಮೊದಲು ತಡೆದರೆ ಈ ಬೆಳೆ ಉಳಿಯುತ್ತದೆ.

ಔಷಧದ ಮಾತಿಗೆ ಮೊದಲು ರೋಗ ಯಾವುದೆಂದು ಖಚಿತ ಮಾಡಿಕೊಳ್ಳಿ. ಗೋಧಿಯ ಎಲೆ ಹಳದಿಯಾಗಲು, ಕಂದಾಗಲು ಹತ್ತು ಕಾರಣಗಳಿವೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಒಂದು ಬಿಳಿ ಬಟ್ಟೆಯ ತುಂಡು ಹಿಡಿದು ಹೊಲಕ್ಕೆ ಇಳಿಯಿರಿ. ರೋಗ ತಗುಲಿದ ಎಲೆಯನ್ನು ಬಟ್ಟೆಯ ನಡುವೆ ಇಟ್ಟು ಬೆರಳಿನಿಂದ ಮೆಲ್ಲಗೆ ಎಳೆಯಿರಿ. ಬಟ್ಟೆಗೆ ಕಿತ್ತಳೆ ಅಥವಾ ಇಟ್ಟಿಗೆ ಬಣ್ಣದ ಪುಡಿ ಹತ್ತಿದರೆ ಅದು ತುಕ್ಕು ರೋಗ, ನಮ್ಮ ಭಾಗದ ಮಾತಿನಲ್ಲಿ ಭಂಡಾರ ರೋಗ. ಎಲೆಯ ಮೇಲೆ ಕಂದು ಮಚ್ಚೆಗಳಿದ್ದೂ ಬಟ್ಟೆ ಸ್ವಚ್ಛವಾಗಿ ಉಳಿದರೆ ಅದು ಎಲೆ ಅಂಗಮಾರಿ. ಎಲೆಯ ತುದಿಯಿಂದ ಒಂದೇ ಸಮನೆ ಹಳದಿಯಾಗಿ, ಮಚ್ಚೆಯೂ ಪುಡಿಯೂ ಇಲ್ಲದಿದ್ದರೆ ಅದು ಪೋಷಕಾಂಶದ ಕೊರತೆಯೋ ಹೆಚ್ಚು ನೀರು ನಿಂತದ್ದೋ ಇರಬಹುದು. ಅದಕ್ಕೆ ಶಿಲೀಂಧ್ರನಾಶಕ ಹೊಡೆದರೆ ಹಣ ದಂಡ.

ತುಕ್ಕು ಎಂದು ಗೊತ್ತಾದ ಮೇಲೆ ಇನ್ನೂ ಸ್ವಲ್ಪ ಹತ್ತಿರದಿಂದ ನೋಡಿ. ಎಲೆಯ ಮೇಲ್ಭಾಗದಲ್ಲಿ ಗುಂಡಗೆ, ಸಾಸಿವೆಗಿಂತ ಚಿಕ್ಕದಾದ ಗುಳ್ಳೆಗಳು ಅಲ್ಲಲ್ಲಿ ಚದುರಿಕೊಂಡಿದ್ದರೆ ಅದು ಎಲೆ ತುಕ್ಕು, ಕಂದು ತುಕ್ಕು ಎಂದೂ ಕರೆಯುತ್ತಾರೆ. ಕಾಂಡದ ಮೇಲೆ, ಎಲೆಯ ಒರೆಯ ಮೇಲೆ, ಕೆಲವೊಮ್ಮೆ ತೆನೆಯ ಮುಳ್ಳಿನ ಮೇಲೂ ಉದ್ದುದ್ದ ಗುಳ್ಳೆಗಳಾಗಿ ಸಿಪ್ಪೆ ಹರಿದು ಅಂಚು ಹೊರಚಾಚಿಕೊಂಡಿದ್ದರೆ ಅದು ಕಾಂಡ ತುಕ್ಕು. ಕಣ್ಣು ಮುಚ್ಚಿಕೊಂಡು ಕಾಂಡವನ್ನು ಸವರಿದರೂ ಆ ಒರಟುತನ ಬೆರಳಿಗೆ ತಾಕುತ್ತದೆ. ಹೋದ ವರ್ಷ ನಿಮ್ಮ ಕಾಂಡ ಕಪ್ಪಾದದ್ದು ಇದರಿಂದಲೇ ಇರಬೇಕು. ಬೆಳೆ ಬಲಿಯುವ ಹೊತ್ತಿಗೆ ಈ ಶಿಲೀಂಧ್ರ ಕಿತ್ತಳೆ ಪುಡಿಯ ಬದಲು ಕಪ್ಪು ಬೀಜಾಣುಗಳನ್ನು, ಅಂದರೆ ತಾನು ಹರಡುವ ಸೂಕ್ಷ್ಮ ಕಣಗಳನ್ನು, ಮಾಡುತ್ತದೆ. ಹಾಗಾಗಿಯೇ ಅದಕ್ಕೆ ಕಪ್ಪು ತುಕ್ಕು ಎಂಬ ಇನ್ನೊಂದು ಹೆಸರಿದೆ.

ಎರಡರ ಸ್ವಭಾವ ಬೇರೆ. ಎಲೆ ತುಕ್ಕಿಗೆ 15ರಿಂದ 25 ಡಿಗ್ರಿ ಉಷ್ಣಾಂಶ ಮತ್ತು ರಾತ್ರಿಯಿಡೀ ಎಲೆಯ ಮೇಲೆ ನಿಲ್ಲುವ ಇಬ್ಬನಿ ಹಿತ. ನಮ್ಮ ಜನವರಿ ಅದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಕಾಂಡ ತುಕ್ಕಿಗೆ ಇನ್ನೂ ಬಿಸಿ ಬೇಕು, ಅದು ಫೆಬ್ರುವರಿಯಲ್ಲಿ ಹಗಲು ಕಾಯಲು ಶುರುವಾದಾಗ ಜೋರಾಗುತ್ತದೆ. ಎಲೆ ತುಕ್ಕು ಇಳುವರಿಯನ್ನು ನಿಧಾನವಾಗಿ ಕೊರೆದರೆ ಕಾಂಡ ತುಕ್ಕು ನೀರು, ಆಹಾರ ಸಾಗುವ ದಾರಿಯನ್ನೇ ಹಾಳುಗೆಡವುತ್ತದೆ. ಹರಿದ ಸಿಪ್ಪೆಯಿಂದ ಗಿಡದ ತೇವವೂ ಆರಿಹೋಗುತ್ತದೆ, ಕಾಂಡ ಮುರಿದು ಬೆಳೆ ಮಲಗುತ್ತದೆ. ತಡವಾಗಿ ಬಿತ್ತಿದ ಗೋಧಿ ಹಾಲುಗಾಳಿನ ಹಂತದಲ್ಲಿರುವಾಗಲೇ ಈ ಬಿಸಿಲಿಗೂ ಈ ರೋಗಕ್ಕೂ ಒಟ್ಟಿಗೇ ಸಿಕ್ಕಿಬೀಳುತ್ತದೆ. ಸಕಾಲದಲ್ಲಿ ಬಿತ್ತಿದ ಹೊಲಕ್ಕೂ ತಡವಾದ ಹೊಲಕ್ಕೂ ಬೀಳುವ ಪೆಟ್ಟಿನಲ್ಲಿ ಅಷ್ಟೊಂದು ಅಂತರ ಕಾಣುವುದು ಈ ಕಾರಣಕ್ಕೆ.

ಮೊಬೈಲ್‌ನಲ್ಲಿ ಪಂಜಾಬ್, ಹರಿಯಾಣದ ವಿಡಿಯೊ ನೋಡಿ ಹಲವರು ಹಳದಿ ತುಕ್ಕಿನ ಬಗ್ಗೆ ಗಾಬರಿಯಿಂದ ಕೇಳುತ್ತಾರೆ. ಎಲೆಯ ನರಗಳ ಉದ್ದಕ್ಕೂ ಹೊಲಿಗೆ ಹಾಕಿದಂತೆ ಹಳದಿ ಗೆರೆಗಳಾಗಿ ಬರುವ ಆ ರೋಗಕ್ಕೆ 10ರಿಂದ 15 ಡಿಗ್ರಿಯ ತಂಪು ಬೇಕು. ಹಿಮಾಲಯದ ತಪ್ಪಲಿನವರಿಗೆ ಅದು ದೊಡ್ಡ ಶತ್ರು. ನಮ್ಮ ಬಯಲುಸೀಮೆಯ ಗೋಧಿಗೆ ಅದರ ಭಯವಿಲ್ಲ.

ಈಗ ಸಿಂಪಡಣೆಯ ವಿಷಯ. ತುಕ್ಕು ಖಚಿತವಾದರೆ ಪ್ರೊಪಿಕೊನಜೋಲ್ 25 ಇ.ಸಿ. ಔಷಧವನ್ನು ಲೀಟರ್ ನೀರಿಗೆ 1 ಮಿ.ಲೀ. ಪ್ರಮಾಣದಲ್ಲಿ ಬೆರೆಸಿ ಸಿಂಪಡಿಸಿ. ಎಕರೆಗೆ 200 ಮಿ.ಲೀ. ಔಷಧ, 200 ಲೀಟರ್ ನೀರು. ಹದಿನಾರು ಲೀಟರಿನ ಬೆನ್ನುಪಂಪಿನಲ್ಲಿ ಇದು ಹನ್ನೆರಡರಿಂದ ಹದಿಮೂರು ಪಂಪು ಆಗುತ್ತದೆ. ನಮ್ಮಲ್ಲಿ ಔಷಧ ಕೆಲಸ ಮಾಡಲಿಲ್ಲ ಎಂಬ ದೂರಿಗೆ ಬಹಳ ಸಲ ಕಾರಣ ಇಲ್ಲಿಯೇ ಇರುತ್ತದೆ: ಎಕರೆಗೆ ಐದಾರು ಪಂಪು ಹೊಡೆದು ಮುಗಿಸಿರುತ್ತಾರೆ. ಮೇಲಿನ ಎಲೆಯ ತುದಿ ಮಾತ್ರ ತೊಯ್ದು, ರೋಗ ಕೂತಿರುವ ಕೆಳಗಿನ ಎಲೆಗಳು ಒಣಗಿದ್ದ ಹಾಗೆಯೇ ಉಳಿದಿರುತ್ತವೆ. ಪಂಪು ಕಡಿಮೆ ಮಾಡಿ ಔಷಧವನ್ನು ದಪ್ಪಗೆ ಕಲಸಿದರೆ ಅದು ಸರಿಹೋಗುವುದಿಲ್ಲ. ಬೆಳೆಯ ಒಳಗೆ ಹನಿ ಇಳಿಯಬೇಕಾದರೆ ನೀರು ಬೇಕು, ನಡಿಗೆ ನಿಧಾನವಿರಬೇಕು.

ಈ ಔಷಧ ಅಂತರವ್ಯಾಪಿ, ಅಂದರೆ ಎಲೆಯೊಳಗೆ ಹೀರಿಕೊಂಡು ತುದಿಯ ಕಡೆಗೆ ಸಾಗುತ್ತದೆ. ಆಗಷ್ಟೇ ಒಳಹೊಕ್ಕ ಸೋಂಕನ್ನೂ ಹಿಡಿಯಬಲ್ಲದು. ಮ್ಯಾಂಕೋಜೆಬ್ ಎಂಬ ಇನ್ನೊಂದು ಶಿಲೀಂಧ್ರನಾಶಕ ಹಾಗಲ್ಲ, ಎಲೆಯ ಮೇಲೆ ಪದರವಾಗಿ ನಿಂತು ಹೊಸ ಬೀಜಾಣು ಮೊಳೆಯದಂತೆ ಕಾಯುತ್ತದೆ, ಒಳಗೆ ಸೇರಿದ್ದನ್ನು ಮುಟ್ಟುವುದಿಲ್ಲ. ಗಂಧಕವೂ ಹೀಗೆಯೇ ಹೊರಗಿನ ಕಾವಲು. ಬೂದಿ ರೋಗಕ್ಕೆ ಅದು ಒಳ್ಳೆಯ ಮದ್ದು, ಆದರೆ ನಿಮ್ಮ ಹೊಲದ ಈಗಿನ ಸ್ಥಿತಿಗೆ ಅದನ್ನು ನಂಬಬೇಡಿ. ಹುಳಿಮಜ್ಜಿಗೆ, ಗೋಮೂತ್ರಗಳ ಬಗ್ಗೆಯೂ ಹಲವರು ಕೇಳುತ್ತಾರೆ. ಕೊನೆಯ ಎಲೆಯನ್ನು ಉಳಿಸಿಕೊಳ್ಳಬೇಕಾದ ಈ ಹದಿನೈದು ದಿನ ಪ್ರಯೋಗಕ್ಕೆ ತಕ್ಕ ಸಮಯವಲ್ಲ.

ಅಂಗಡಿಯವರು ಕೊಟ್ಟ ಮೂರು ಔಷಧಗಳ ಹೆಸರನ್ನು ನೀವು ಬರೆದಿಲ್ಲ. ಡಬ್ಬಿಯ ಮೇಲಿನ ಚೀಟಿ ಓದಿ, ಅವುಗಳಲ್ಲಿ ಶಿಲೀಂಧ್ರನಾಶಕ ಯಾವುದೆಂದು ನೋಡಿ. ಕೀಟನಾಶಕ ಮತ್ತು ಬೆಳವಣಿಗೆಯ ಟಾನಿಕ್ ಸೇರಿಸಿ ಕೊಡುವುದು ಸಾಮಾನ್ಯ. ತುಕ್ಕಿಗೆ ಅವೆರಡರಿಂದ ಏನೂ ಆಗುವುದಿಲ್ಲ, ಹೇನಿನ ಕಾಟವಿಲ್ಲದ ಹೊಲದಲ್ಲಿ ಕೀಟನಾಶಕ ಹೊಡೆದರೆ ಹೇನು ತಿನ್ನುವ ಗುಲಗಂಜಿ ಹುಳುಗಳೇ ಮೊದಲು ಸಾಯುತ್ತವೆ. ಒಂದೇ ಔಷಧ, ಸರಿಯಾದ ಪ್ರಮಾಣ, ಸಾಕಷ್ಟು ನೀರು. ಅಷ್ಟು ಸಾಕು. ಕಳೆನಾಶಕ ಹೊಡೆದ ಪಂಪನ್ನು ಬಳಸುವುದಾದರೆ ಸೋಪಿನ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಮುಖಕ್ಕೆ ಬಟ್ಟೆ, ಕೈಗೆ ಗವಸು ಇರಲಿ. ಗಾಳಿ ಬೀಸುವಾಗ ಹೊಡೆಯಬೇಡಿ. ಬೆಳಗಿನ ಇಬ್ಬನಿ ಆರಿದ ಮೇಲೆ ಅಥವಾ ಇಳಿಹೊತ್ತಿನಲ್ಲಿ ಸಿಂಪಡಿಸಿ. ಸಿಂಪಡಣೆಗೂ ಕಟಾವಿಗೂ ನಡುವೆ ಕನಿಷ್ಠ ಒಂದು ತಿಂಗಳು ಅಂತರವಿರಬೇಕು. ಆ ಅವಧಿಯಲ್ಲಿ ಹಸಿ ಗೋಧಿಯನ್ನು ದನಗಳಿಗೆ ಕೊಯ್ದು ಹಾಕಬಾರದು.

ಹೊಡೆದ ಮರುದಿನ ಹೊಲಕ್ಕೆ ಹೋಗಿ ಗುಳ್ಳೆಗಳು ಇನ್ನೂ ಇವೆಯಲ್ಲ ಎಂದು ನಿರಾಶರಾಗಬೇಡಿ. ಒಮ್ಮೆ ಒಡೆದ ಗುಳ್ಳೆ ಮಾಯವಾಗುವುದಿಲ್ಲ, ಅದರ ಬಣ್ಣ ಮಂಕಾಗಿ ಪುಡಿ ಉದುರುವುದು ನಿಲ್ಲುತ್ತದೆ. ಬೀಜಾಣು ಎಲೆಗೆ ಬಿದ್ದ ದಿನದಿಂದ ಗುಳ್ಳೆ ಹೊರಬರುವ ತನಕ ಏಳರಿಂದ ಹತ್ತು ದಿನ ಹಿಡಿಯುತ್ತದೆ. ಹೀಗಾಗಿ ಸಿಂಪಡಣೆಗೆ ಮೊದಲೇ ಒಳಸೇರಿದ ಕೆಲವು ಗುಳ್ಳೆಗಳು ನಂತರವೂ ಕಾಣಬಹುದು. ಹತ್ತು ದಿನ ಬಿಟ್ಟು ಕೊನೆಯ ಎಲೆಯನ್ನು ಮಾತ್ರ ನೋಡಿ ತೀರ್ಮಾನಿಸಿ. ಅಲ್ಲಿ ಹೊಸ ಗುಳ್ಳೆ ಇಲ್ಲದಿದ್ದರೆ ಎರಡನೆಯ ಸಿಂಪಡಣೆ ಬೇಡ. ಇದ್ದರೆ, ಅಥವಾ ಮೋಡ ಮುಸುಕಿ ತುಂತುರು ಮಳೆಯಾದರೆ, ಮೊದಲ ಸಿಂಪಡಣೆಯಾದ ಹದಿನೈದು ದಿನಕ್ಕೆ ಇನ್ನೊಮ್ಮೆ ಹೊಡೆಯಿರಿ. ಕಾಳು ಹಾಲು ಕಳೆದು ಹಿಟ್ಟುಗಟ್ಟಿದ ಮೇಲೆ ಎಷ್ಟೇ ಔಷಧ ಹೊಡೆದರೂ ಕಾಳಿನ ತೂಕ ಹೆಚ್ಚುವುದಿಲ್ಲ. ಆಗ ಖರ್ಚು ನಿಲ್ಲಿಸಿ.

ಇದರ ಜೊತೆಗೆ ಎರಡು ಎಚ್ಚರ. ಎಲೆ ಹಳದಿಯಾಯಿತೆಂದು ಈಗ ಯೂರಿಯಾ ಎರಚಬೇಡಿ. ಸಾರಜನಕ ಹೆಚ್ಚಾದಷ್ಟೂ ಬೆಳೆ ದಟ್ಟವಾಗಿ, ಎಲೆ ಮೆತ್ತಗಾಗಿ, ಒಳಗೆ ತೇವ ನಿಂತು ತುಕ್ಕಿಗೆ ಅನುಕೂಲವಾಗುತ್ತದೆ. ಇನ್ನು ನೀರು: ರೋಗ ಬಂದಿದೆ ಎಂದು ನೀರು ನಿಲ್ಲಿಸುವವರಿದ್ದಾರೆ, ಅದು ಬೆಳೆಗೆ ಎರಡನೆಯ ಪೆಟ್ಟು. ತೆನೆ ಹೊರಬೀಳುವಾಗ, ಹೂವಾಡುವಾಗ, ಹಾಲುಗಾಳಿನ ಹಂತದಲ್ಲಿ ನೀರು ತಪ್ಪಿಸಬೇಡಿ. ತುಂತುರು ನೀರಾವರಿ ಇದ್ದರೆ ಸಂಜೆ ಬಿಡದೆ ಬೆಳಿಗ್ಗೆ ಬಿಡಿ. ಸಂಜೆ ಬಿಟ್ಟ ನೀರು ಇಬ್ಬನಿಯೊಂದಿಗೆ ಸೇರಿ ರಾತ್ರಿಯೆಲ್ಲ ಎಲೆಯನ್ನು ಒದ್ದೆಯಾಗಿಡುತ್ತದೆ. ಬೀಜಾಣು ಮೊಳೆತು ಎಲೆಯೊಳಗೆ ನುಗ್ಗಲು ಆರೇಳು ತಾಸಿನ ತೇವ ಸಾಕು. ಕಬ್ಬಿನ ಮಗ್ಗುಲಿನ ಸಾಲುಗಳಲ್ಲಿ ರೋಗ ಮೊದಲು ಕಂಡದ್ದಕ್ಕೂ ಇದೇ ಕಾರಣ. ಅಲ್ಲಿ ಗಾಳಿ ಆಡುವುದಿಲ್ಲ, ಬೆಳಗಿನ ಬಿಸಿಲು ತಡವಾಗಿ ಬೀಳುತ್ತದೆ.

ಇನ್ನು ನಿಮ್ಮ ಬೀಜದ ಪ್ರಶ್ನೆ. ತುಕ್ಕು ರೋಗ ಬೀಜದಿಂದ ಬರುವುದಿಲ್ಲ, ಮಣ್ಣಿನಿಂದಲೂ ಬರುವುದಿಲ್ಲ, ಹೋದ ವರ್ಷದ ಕೂಳೆಯಿಂದಲೂ ಬರುವುದಿಲ್ಲ. ಈ ಶಿಲೀಂಧ್ರ ಹಸಿರು ಜೀವವಿರುವ ಗಿಡದ ಮೇಲೆ ಮಾತ್ರ ಬದುಕಬಲ್ಲದು. ನಮ್ಮ ಏಪ್ರಿಲ್–ಮೇ ತಿಂಗಳ ಬಿಸಿಲಿಗೆ ಹೊಲದಲ್ಲಿ ಉದುರಿದ ಪುಡಿಯೆಲ್ಲ ಸತ್ತುಹೋಗುತ್ತದೆ. ಹಾಗಾದರೆ ಪ್ರತಿ ಹಿಂಗಾರಿಗೆ ಅದು ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ ಆಗ್ರಾದ ಪ್ರಾಧ್ಯಾಪಕ ಕರಮ್ ಚಂದ್ ಮೆಹ್ತಾ ತಮ್ಮ ಆಯುಷ್ಯದ ದೊಡ್ಡ ಭಾಗವನ್ನು ಸವೆಸಿದರು. ಯುರೋಪ್, ಅಮೆರಿಕಗಳಲ್ಲಿ ಕಾಂಡ ತುಕ್ಕು ಬಾರ್ಬೆರಿ ಎಂಬ ಮುಳ್ಳುಗಿಡದ ಮೇಲೆ ತನ್ನ ಬದುಕಿನ ಒಂದು ಭಾಗ ಕಳೆಯುತ್ತದೆ. ಅಮೆರಿಕದವರು 1918ರಿಂದ ಆ ಗಿಡವನ್ನು ಊರೂರು ಸುತ್ತಿ ಕಿತ್ತುಹಾಕಿದರು. ಭಾರತದಲ್ಲಿ ಪ್ರತಿವರ್ಷ ರೋಗ ಮರಳಲು ಆ ಗಿಡ ಕಾರಣವಲ್ಲ, ಬೇಸಿಗೆಯಲ್ಲೂ ತಂಪಾಗಿರುವ ಬೆಟ್ಟಗಳ ಗೋಧಿಯ ಮೇಲೆ ತುಕ್ಕು ಉಳಿದುಕೊಂಡು ಅಲ್ಲಿಂದ ಗಾಳಿಯಲ್ಲಿ ಬಯಲಿಗೆ ಇಳಿಯುತ್ತದೆ ಎಂದು ಮೆಹ್ತಾ ತೋರಿಸಿಕೊಟ್ಟರು. ಉತ್ತರಕ್ಕೆ ಹಿಮಾಲಯ, ದಕ್ಷಿಣಕ್ಕೆ ನೀಲಗಿರಿ ಮತ್ತು ಪಳನಿ ಬೆಟ್ಟಗಳು.

ಅದರ ಮುಂದಿನ ಕೊಂಡಿಯನ್ನು ಎಪ್ಪತ್ತರ ದಶಕದಲ್ಲಿ ನಾಗರಾಜನ್ ಮತ್ತು ಜೋಶಿ ಎಂಬ ವಿಜ್ಞಾನಿಗಳು ಜೋಡಿಸಿದರು. ನವೆಂಬರ್ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತಗಳು ನೀಲಗಿರಿಯ ಮೇಲಿನ ಬೀಜಾಣುಗಳನ್ನು ಎತ್ತಿಕೊಂಡು ಉತ್ತರಕ್ಕೆ ಒಯ್ಯುತ್ತವೆ, ಮಳೆಹನಿಯೊಂದಿಗೆ ಅವು ಗೋಧಿಯ ಹೊಲಗಳ ಮೇಲೆ ಇಳಿಯುತ್ತವೆ. ನವೆಂಬರ್–ಡಿಸೆಂಬರ್‌ನಲ್ಲಿ ಚೆನ್ನೈ ಕಡೆಯ ಚಂಡಮಾರುತದಿಂದಾಗಿ ನಮ್ಮಲ್ಲಿ ಎರಡು ದಿನ ಮೋಡ ಕವಿದು ಜಿಟಿಜಿಟಿ ಮಳೆಯಾದರೆ ನಾನು ರೈತರಿಗೆ ಹೇಳುವುದು ಒಂದೇ ಮಾತು: ಈ ವರ್ಷ ಗೋಧಿಯನ್ನು ಬೇಗನೆ ನೋಡಲು ಶುರುಮಾಡಿ.

ಆದ್ದರಿಂದ ತುಕ್ಕು ಹೋಗಲೆಂದು ಕೂಳೆ ಸುಡುವುದರಿಂದ ಯಾವ ಉಪಯೋಗವೂ ಇಲ್ಲ. ಎರೆಭೂಮಿಗೆ ಸೇರಬೇಕಾದ ಸಾವಯವ ಅಂಶ ಹೊಗೆಯಾಗಿ ಹೋಗುತ್ತದೆ, ಅಷ್ಟೇ. ಗೋಧಿಯ ಹೊಟ್ಟನ್ನು ದನಕ್ಕೆ ಹಾಕಿ, ಉಳಿದದ್ದನ್ನು ಮಣ್ಣಿಗೆ ಸೇರಿಸಿ.

ಎಲೆ ಅಂಗಮಾರಿಯ ಮಾತು ಬೇರೆ. ಮೊಟ್ಟೆಯಾಕಾರದ ಕಂದು ಮಚ್ಚೆ, ಸುತ್ತ ಹಳದಿ ವಲಯ, ಮಚ್ಚೆಗಳು ಒಂದಕ್ಕೊಂದು ಕೂಡಿ ಎಲೆ ಸುಟ್ಟಂತಾಗುವುದು ಇದರ ಲಕ್ಷಣ. ಈ ಶಿಲೀಂಧ್ರಗಳು ಬೀಜದಲ್ಲಿ ಇರುತ್ತವೆ, ಬೆಳೆಯ ಉಳಿಕೆಯಲ್ಲೂ ಬದುಕುತ್ತವೆ. ರಾಶಿಯಲ್ಲಿ ಭ್ರೂಣದ ತುದಿ ಕಪ್ಪಾದ ಕಾಳು ಹೆಚ್ಚು ಕಂಡರೆ ಆ ಬೀಜವನ್ನು ಬಿತ್ತನೆಗೆ ಇಡಬೇಡಿ. ಇಲ್ಲಿ ಬೆಳೆ ಪರಿವರ್ತನೆ ಕೆಲಸ ಮಾಡುತ್ತದೆ, ಗೋಧಿಯ ಜಾಗಕ್ಕೆ ಒಂದು ಹಿಂಗಾರಿ ಕಡಲೆ ತಂದರೆ ಮಣ್ಣಿಗೂ ಲಾಭ. ತೆನೆಯನ್ನು ಕಪ್ಪು ಪುಡಿಯಾಗಿಸುವ ಕಾಡಿಗೆ ರೋಗವೂ ಬೀಜದೊಳಗೇ ಅಡಗಿ ಬರುವಂಥದ್ದು. ಹಾಗಾಗಿ ಮನೆಯ ಬೀಜವಾದರೆ ಕಾರ್ಬಾಕ್ಸಿನ್ ಮತ್ತು ಥೈರಾಮ್ ಕೂಡಿದ ಪುಡಿಯಿಂದ ಕಿಲೊ ಬೀಜಕ್ಕೆ 2ರಿಂದ 3 ಗ್ರಾಂನಂತೆ ಬೀಜೋಪಚಾರ ಮಾಡಿಯೇ ಕೂರಿಗೆಗೆ ಹಾಕಿ. ಇದು ತುಕ್ಕನ್ನು ತಡೆಯುತ್ತದೆ ಎಂದು ಮಾತ್ರ ಎಣಿಸಬೇಡಿ.

ಗಾಳಿಯಲ್ಲಿ ಬರುವ ರೋಗಕ್ಕೆ ಬೇಲಿ ಹಾಕಲು ಆಗುವುದಿಲ್ಲ. ಹಾಗಾಗಿ ತುಕ್ಕಿನ ವಿರುದ್ಧದ ನಿಜವಾದ ಕಾವಲು ತಳಿ ಮತ್ತು ಬಿತ್ತನೆಯ ದಿನ. ಔಷಧ ಇವೆರಡರ ನಂತರ ಬರಬೇಕು. ನಮ್ಮಲ್ಲಿ ಅದು ತಲೆಕೆಳಗಾಗಿದೆ ಎಂಬುದೇ ನನ್ನ ಕೊರಗು. ಐದು ವರ್ಷ, ಎಂಟು ವರ್ಷ ಅದೇ ಮನೆಯ ಬೀಜ ಬಿತ್ತಿ, ತಳಿಯ ಹೆಸರೂ ನೆನಪಿಲ್ಲದೆ, ರೋಗ ಬಂದಾಗ ಅಂಗಡಿಗೆ ಓಡುತ್ತೇವೆ. ಬಿತ್ತಿದಾಗ ತುಕ್ಕನ್ನು ತಡೆದುಕೊಳ್ಳುತ್ತಿದ್ದ ತಳಿ ಕೆಲವು ವರ್ಷಗಳಲ್ಲಿ ಸೋಲಬಹುದು. ತಳಿ ಬದಲಾಗಿರುವುದಿಲ್ಲ, ಶಿಲೀಂಧ್ರ ಹೊಸ ರೂಪ ತಾಳಿರುತ್ತದೆ. ಹಸಿರು ಕ್ರಾಂತಿಯ ಹೆಮ್ಮೆಯಾಗಿದ್ದ ಕಲ್ಯಾಣ್ ಸೋನಾ ತಳಿ ದೇಶದ ಉದ್ದಗಲಕ್ಕೂ ಹಬ್ಬಿ, ಎಪ್ಪತ್ತರ ದಶಕದಲ್ಲಿ ತುಕ್ಕಿಗೆ ಬಲಿಯಾದದ್ದು ಹೀಗೆಯೇ. ಈ ಹೊಸ ರೂಪಗಳನ್ನು ಗುರುತಿಸಲೆಂದೇ ಶಿಮ್ಲಾದ ಫ್ಲವರ್‌ಡೇಲ್‌ನಲ್ಲಿ ಒಂದು ಕೇಂದ್ರವಿದೆ, ಈಗ ಅದು ಕರ್ನಾಲ್‌ನ ಗೋಧಿ ಮತ್ತು ಬಾರ್ಲಿ ಸಂಶೋಧನಾ ಸಂಸ್ಥೆಗೆ ಸೇರಿದೆ. ದೇಶದ ನಾನಾ ಕಡೆಯಿಂದ ತುಕ್ಕು ಹಿಡಿದ ಎಲೆಗಳು ಅಲ್ಲಿಗೆ ಪರೀಕ್ಷೆಗೆ ಹೋಗುತ್ತವೆ. ಆ ಮಾಹಿತಿಯ ಆಧಾರದ ಮೇಲೆ ಯಾವ ತಳಿ ಇನ್ನೂ ಗಟ್ಟಿ ಇದೆ, ಯಾವುದನ್ನು ಬಿಡಬೇಕು ಎಂದು ತೀರ್ಮಾನವಾಗುತ್ತದೆ.

ನಿಮ್ಮ ಭಾಗಕ್ಕೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಯುಎಎಸ್ 304, ಪುಣೆಯ ಅಗರ್ಕರ್ ಸಂಸ್ಥೆಯ ಎಂಎಸಿಎಸ್ 6222 ನೀರಾವರಿಯಲ್ಲಿ ಸಕಾಲದ ಬಿತ್ತನೆಗೆ ಬಂದ ಚಪಾತಿ ಗೋಧಿಗಳು. ರವೆ, ಶಾವಿಗೆಗೆ ಆಗುವ ಗಟ್ಟಿ ಗೋಧಿ ಬೇಕಾದರೆ ಯುಎಎಸ್ 428 ಇದೆ. ಆದರೆ ನನ್ನ ಈ ಪಟ್ಟಿಯನ್ನೇ ನಂಬಿ ಕೂರದೆ, ಪ್ರತಿವರ್ಷ ಸೆಪ್ಟೆಂಬರ್‌ನಲ್ಲಿ ಧಾರವಾಡದ ಕೃಷಿ ಮೇಳಕ್ಕೆ ಹೋದಾಗ ಬೀಜದ ಅಂಗಡಿಯ ಸಾಲಿನಲ್ಲಿ ನಿಲ್ಲುವ ಮೊದಲು ಗೋಧಿ ವಿಭಾಗದವರನ್ನು ಕಂಡು, ಈ ವರ್ಷ ತುಕ್ಕಿಗೆ ಯಾವುದು ತಡೆಯುತ್ತಿದೆ ಎಂದು ಕೇಳಿ. ಮೂರು ಎಕರೆಗೂ ಒಂದೇ ತಳಿ ಹಾಕಬೇಡಿ. ಎರಡು ತಳಿ ಇದ್ದರೆ ಒಂದಕ್ಕೆ ರೋಗ ಬಿದ್ದರೂ ಇನ್ನೊಂದು ಕೈಹಿಡಿಯುತ್ತದೆ.

ಆ ಎರಡನೆಯ ತಳಿಯಾಗಿ ನಾನು ಸೂಚಿಸುವುದು ನಮ್ಮದೇ ಸದಕ ಗೋಧಿ, ಕಪ್ಲಿ, ಜವೆ ಗೋಧಿ ಎಂದೂ ಕರೆಯುತ್ತಾರೆ. ಸಿಪ್ಪೆ ಬಿಡದ ಈ ಗೋಧಿಯನ್ನು ಹಳೆಯದೆಂದು ಮೂಲೆಗೆ ತಳ್ಳಿದವರು ಬಹಳ. ಆದರೆ ಕಾಂಡ ತುಕ್ಕಿನ ಬೇರೆ ಬೇರೆ ರೂಪಗಳನ್ನು ಗುರುತಿಸಲು ಅಮೆರಿಕದ ಸಸ್ಯರೋಗ ವಿಜ್ಞಾನಿ ಸ್ಟೇಕ್‌ಮನ್ ಮತ್ತು ಅವರ ಜೊತೆಗಾರರು 1922ರಲ್ಲಿ ಹನ್ನೆರಡು ಗೋಧಿಗಳ ಪಟ್ಟಿ ಮಾಡಿದಾಗ ಅದರಲ್ಲಿ ಕಪ್ಲಿಯೂ ಒಂದಾಗಿತ್ತು. ಅದರಲ್ಲಿರುವ ತುಕ್ಕು ತಡೆಯುವ ಗುಣಗಳನ್ನು ಮುಂದೆ ಹೊರದೇಶದ ತಳಿವಿಜ್ಞಾನಿಗಳು ತಮ್ಮ ಗೋಧಿಗಳಿಗೆ ಕೂಡಿಸಿಕೊಂಡರು. ನಮ್ಮ ನೆಲದ ಗೋಧಿ ಪ್ರಪಂಚಕ್ಕೆ ಕೊಟ್ಟ ಈ ಕೊಡುಗೆ ನಮ್ಮ ರೈತರಿಗೇ ಗೊತ್ತಿಲ್ಲ. ಗಿಡ್ಡ ಕಾಂಡದ, ಮಲಗದ ಡಿಡಿಕೆ 1029 ತಳಿಯನ್ನು ಧಾರವಾಡದಲ್ಲೇ ಬೆಳೆಸಿ ಬಿಡುಗಡೆ ಮಾಡಿದ್ದಾರೆ. ಒಂದು ಎಕರೆ ಹಾಕಿ ನೋಡಿ. ಮಾದಲಿಗೆ, ಹುಗ್ಗಿಗೆ ಇದರ ರುಚಿಯೇ ಬೇರೆ, ಪೇಟೆಯಲ್ಲಿ ಕೇಳಿ ಕೊಳ್ಳುವವರೂ ಈಗ ಹೆಚ್ಚಾಗಿದ್ದಾರೆ.

ಬಿತ್ತನೆಯ ದಿನದ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ನೀರಾವರಿ ಗೋಧಿಗೆ ನವೆಂಬರ್ ಮೊದಲ ಹದಿನೈದು ದಿನ. ಅದಕ್ಕಾಗಿ ಮುಂಗಾರಿಗೆ ಅಲ್ಪಾವಧಿಯ ಗೋವಿನಜೋಳ ಹಾಕಿ, ಅಥವಾ ಒಂದು ಭಾಗಕ್ಕೆ ಸೋಯಾಬೀನ್ ತನ್ನಿ. ಸೋಯಾ ಅಕ್ಟೋಬರ್ ಮೊದಲಿಗೆ ಹೊಲ ಬಿಟ್ಟುಕೊಡುತ್ತದೆ. ಎಷ್ಟೇ ಮಾಡಿದರೂ ನವೆಂಬರ್ ಕೊನೆಗೆ ಹೋಗುವುದಾದರೆ ತಡ ಬಿತ್ತನೆಗೆಂದೇ ಇರುವ ಎಚ್‌ಡಿ 2932 ರಂಥ ತಳಿ ಆರಿಸಿಕೊಳ್ಳಿ. ಸಕಾಲದ ತಳಿಯನ್ನು ತಡವಾಗಿ ಬಿತ್ತಬೇಡಿ. ಕಬ್ಬಿನ ಕಡೆಗೆ ನಾಲ್ಕಾರು ಸಾಲಿನಷ್ಟು ಜಾಗ ಗೋಧಿ ಹಾಕದೆ ಬಿಟ್ಟು ಅಲ್ಲಿ ಕಡಲೆಯನ್ನೋ ಕುಸುಬೆಯನ್ನೋ ಬಿತ್ತಿದರೆ ಗಾಳಿಯಾಡುತ್ತದೆ.

ನಲವತ್ತನೆಯ ದಿನದಿಂದ ವಾರಕ್ಕೊಮ್ಮೆ ಹೊಲದೊಳಗೆ ನಡೆಯಿರಿ. ಒಡ್ಡಿನ ಮೇಲೆ ನಿಂತು ನೋಡಿದರೆ ಹಸಿರು ಮಾತ್ರ ಕಾಣುತ್ತದೆ. ತಗ್ಗು, ಮರದ ನೆರಳು, ಕಬ್ಬಿನ ಮಗ್ಗುಲು, ಬೆಳೆ ಹೆಚ್ಚು ದಟ್ಟವಿರುವ ಜಾಗ, ಇಲ್ಲಿ ಬಾಗಿ ಕೆಳಗಿನ ಎಲೆ ತಿರುವಿ ನೋಡಿ. ಮೊದಲ ಗುಳ್ಳೆಗಳನ್ನು ಆಗಲೇ ಕಂಡರೆ ಒಂದೇ ಸಿಂಪಡಣೆಯಲ್ಲಿ ಕೆಲಸ ಮುಗಿಯಬಹುದು.

ನಿಮಗೆ ಇನ್ನೊಂದು ವಿನಂತಿ. ಔಷಧ ಹೊಡೆಯುವ ಮೊದಲು ಗುಳ್ಳೆಗಳಿರುವ ಹತ್ತಾರು ಎಲೆಗಳನ್ನು, ಕಾಂಡದಲ್ಲಿ ಕಂಡರೆ ಅದರ ತುಂಡುಗಳನ್ನೂ ಕೊಯ್ದು, ನೆರಳಿನಲ್ಲಿ ಆರಿಸಿ, ಕಾಗದದ ಲಕೋಟೆಯಲ್ಲಿ ಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ಬೂಷ್ಟು ಹಿಡಿಯುತ್ತದೆ. ಮೇಲೆ ತಳಿಯ ಹೆಸರು, ಊರು, ಬಿತ್ತಿದ ದಿನಾಂಕ, ಎಲೆ ಕೊಯ್ದ ದಿನಾಂಕ ಬರೆದು ನಿಮ್ಮ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಟ್ಟು, ಧಾರವಾಡದ ಗೋಧಿ ವಿಭಾಗಕ್ಕೆ ತಲುಪಿಸಲು ಹೇಳಿ. ತಳಿಯ ಹೆಸರು ಗೊತ್ತಿಲ್ಲದಿದ್ದರೆ ಬೀಜ ಎಷ್ಟು ವರ್ಷದ ಹಿಂದೆ, ಯಾರಿಂದ ತಂದದ್ದು ಎಂದಾದರೂ ಬರೆಯಿರಿ.